ಶಿಖರಜಿಯ ದಾರಿ ಸೊಲ್ಲಾಪುರದಿಂದಲೇ ಶುರು

ಜೈನ ಮನೆಯಲ್ಲಿ ಹುಟ್ಟಿದ ಪ್ರತಿಯೊಬ್ಬರಿಗೂ ಜೀವನದಲ್ಲಿ ಒಮ್ಮೆಯಾದರೂ ಸಮ್ಮೇದ ಶಿಖರಜಿಯ ವಂದನೆ ಮಾಡಬೇಕೆಂಬ ಆಸೆ ಇದ್ದೇ ಇರುತ್ತದೆ. ಆದಿನಾಥರು ಕೈಲಾಸದಿಂದ, ವಾಸುಪೂಜ್ಯರು ಚಂಪಾಪುರಿಯಿಂದ, ನೇಮಿನಾಥರು ಗಿರನಾರದಿಂದ, ಮಹಾವೀರರು ಪಾವಾಪುರಿಯಿಂದ ಮುಕ್ತಿಗೆ ಹೋದರು. ಉಳಿದ ಇಪ್ಪತ್ತು ತೀರ್ಥಂಕರರು ಈ ಒಂದೇ ಪರ್ವತದಿಂದ ಮೋಕ್ಷ ಹೊಂದಿದರು. ಈ ಕ್ಷೇತ್ರದ ಮಹಿಮೆಯನ್ನು ವಾಚಕರಿಗೆ ಹೊಸದಾಗಿ ಹೇಳಬೇಕಾದ ಕಾರಣವಿಲ್ಲ. ನಾವು ಇಲ್ಲಿ ಬರೆಯಹೊರಟಿರುವುದು ಬೆಟ್ಟ ಹತ್ತುವ ಕಾಲುಗಳ ವಿಷಯ.

ಶಿಖರಜಿಯ ಪೂರ್ತಿ ವಂದನೆಗೆ 27 ಕಿಲೋಮೀಟರು ನಡೆಯಬೇಕು. ಏರುವುದು 9, ಮೇಲೆ ಟೋಂಕುಗಳ ಸುತ್ತು 9, ಇಳಿಯುವುದು 9. ಆದ್ದರಿಂದ ಯಾತ್ರೆಯ ಮಾತು ಬಂದ ಮನೆಗಳಲ್ಲಿ ಟಿಕೀಟು ತೆಗೆಸುವ ಮೊದಲೇ ಒಂದು ಪ್ರಶ್ನೆ ಏಳುತ್ತದೆ: “ನಡೆದು ಹತ್ತೂದೋ, ಡೋಲಿ ಮಾಡೂದೋ?” ಮೊದಲು ಈ ಪ್ರಶ್ನೆ ವೃದ್ಧರಿಗೆ ಮಾತ್ರ ಇತ್ತು. ಈಗ ನಲವತ್ತು ವರ್ಷದ ಅಂಗಡಿಕಾರರೂ ಇದನ್ನೇ ಕೇಳುತ್ತಿದ್ದಾರೆ. ಪರಮಪೂಜ್ಯ ಆಚಾರ್ಯ ಶಾಂತಿಸಾಗರ ಮಹಾರಾಜರು 1927-28ರಲ್ಲಿ ಸಂಘಸಮೇತರಾಗಿ ದಕ್ಷಿಣದಿಂದ ಶಿಖರಜಿಯವರೆಗೆ ಕಾಲ್ನಡಿಗೆಯಲ್ಲೇ ವಿಹಾರ ಮಾಡಿದರು. ಮುನಿಗಳ ಮಾತು ಬೇರೆ, ಒಪ್ಪೋಣ. ಆದರೆ ಗೃಹಸ್ಥರಾಗಿದ್ದ ನಮ್ಮ ಅಜ್ಜ-ಅಜ್ಜಿಯರೂ ಊರುಗೋಲು ಹಿಡಿದು ಹತ್ತಿ ಬಂದವರೇ. ಅವರ ಕಾಲಿನಲ್ಲಿದ್ದ ಬಲ ನಮ್ಮ ಕಾಲಿನಲ್ಲಿ ಏಕಿಲ್ಲ? ಇಲ್ಲವಾದರೆ ಅದನ್ನು ಮರಳಿ ಗಳಿಸಲು ಬರುತ್ತದೆಯೇ?

2024ರ ಫೆಬ್ರುವರಿಯಲ್ಲಿ ಸೊಲ್ಲಾಪುರ ಹಾಗೂ ಅಕ್ಕಲಕೋಟೆಯ ಐದು ಮನೆಗಳ ಹನ್ನೊಂದು ಜನ, ಏಳು ಗಂಡಸರು ನಾಲ್ಕು ಹೆಂಗಸರು, ಶಿಖರಜಿಗೆ ಹೋಗಿ ಬಂದೆವು. ಎಲ್ಲರೂ ಐವತ್ತೈದು ದಾಟಿದವರು. ನಮಗೆ ಆಗ ಅರವತ್ತೈದು. ಯಾತ್ರೆಗೆ ಐದು ತಿಂಗಳ ಮೊದಲೇ ನಾವು ಕಾಲುಗಳ ತಯಾರಿ ಆರಂಭಿಸಿದ್ದೆವು. ಆ ಅನುಭವ ನಮ್ಮ ಮನೆತನಗಳಿಗೆ ಉಪಯೋಗವಾಗಬಹುದೆಂದು ಈ ಲೇಖನ.

ಗಾದಿಯ ಮೇಲಿನ ಜೀವನ

ನಮ್ಮ ವ್ಯಾಪಾರಿ ಜನರ ದಿನಚರಿ ನೋಡಿರಿ. ಮುಂಜಾನೆ ಬಸದಿಗೆ ಸ್ಕೂಟರಿನ ಮೇಲೆ ಹೋಗಿ ಬರುವುದು. ಹತ್ತು ಗಂಟೆಗೆ ಅಂಗಡಿ ತೆರೆದರೆ ರಾತ್ರಿ ಒಂಬತ್ತರವರೆಗೆ ಗಾದಿ ಬಿಟ್ಟು ಏಳುವುದಿಲ್ಲ. ಗಿರಾಕಿ ಬಂದರೆ ಥಾನು ತರುವವನು ಹುಡುಗ, ಮಾಳಿಗೆ ಹತ್ತುವವನು ಹುಡುಗ, ಬ್ಯಾಂಕಿಗೆ ಓಡುವವನು ಗುಮಾಸ್ತ. ಚಹಾ ಕೂಡ ಕುಳಿತಲ್ಲಿಗೇ ಬರುತ್ತದೆ. ಸಂಜೆ ಬಂದವರಿಗೆಲ್ಲ ಸೇವು-ಚಿವಡಾ ತರಿಸಿ, ಅವರ ಸಂಗಡ ನಾವೂ ಒಂದು ಮುಷ್ಟಿ ತಿನ್ನುತ್ತೇವೆ. ಅಂಗಡಿ ಬಾಗಿಲು ಹಾಕಿ ಮನೆಗೆ ಬಂದು ಉಂಡು ಮಲಗುವುದು. ಇಡೀ ದಿನ ಲೆಕ್ಕ ಹಾಕಿದರೂ ನಡೆದದ್ದು ಅರ್ಧ ಕಿಲೋಮೀಟರು ಆಗುವುದು ಕಷ್ಟ.

ಇದರ ಫಲ ನಮ್ಮ ಮನೆಗಳ ಔಷಧದ ಡಬ್ಬಿಯಲ್ಲಿ ಕಾಣುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ದೇಶದ ಎಲ್ಲ ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ರೋಗವಿದೆ. ಇನ್ನೂ ಸುಮಾರು 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ.

ಕುಳಿತು ದುಡಿಯುವವರಿಗೂ ಓಡಾಡಿ ದುಡಿಯುವವರಿಗೂ ಇರುವ ವ್ಯತ್ಯಾಸವನ್ನು ಮೊದಲು ಲೆಕ್ಕ ಹಾಕಿ ತೋರಿಸಿದವರು ಲಂಡನ್ನಿನ ಡಾ. ಜೆರೆಮಿ ಮಾರಿಸ್. ಅಲ್ಲಿಯ ಎರಡು ಅಂತಸ್ತಿನ ಬಸ್ಸುಗಳಲ್ಲಿ ಡ್ರೈವರ್ ಇಡೀ ಪಾಳಿ ಕುಳಿತೇ ಇರುತ್ತಿದ್ದ. ಕಂಡಕ್ಟರ್ ಟಿಕೀಟು ಕೊಡಲು ದಿನಕ್ಕೆ ಸುಮಾರು ಆರುನೂರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಇಬ್ಬರೂ ಒಂದೇ ಬಸ್ಸಿನವರು, ಒಂದೇ ಕಂಪನಿಯ ನೌಕರರು. 1953ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಕಂಡಕ್ಟರರಿಗಿಂತ ಡ್ರೈವರರಲ್ಲಿಯೇ ಹೃದಯರೋಗ ಹೆಚ್ಚು ಎಂದು ಕಂಡುಬಂದಿತು. ಕಂಡಕ್ಟರರಿಗೆ ರೋಗ ಬಂದರೂ ತಡವಾಗಿ, ಸೌಮ್ಯವಾಗಿ ಬರುತ್ತಿತ್ತು. ಮಾರಿಸರು ಸ್ವತಃ ವ್ಯಾಯಾಮ ಬಿಡದೆ ತೊಂಬತ್ತೊಂಬತ್ತು ವರ್ಷ ಬಾಳಿ 2009ರಲ್ಲಿ ತೀರಿಕೊಂಡರು. ನಮ್ಮ ಅಂಗಡಿಗಳಲ್ಲಿ ಡ್ರೈವರ್ ಯಾರು, ಕಂಡಕ್ಟರ್ ಯಾರು ಎಂಬುದನ್ನು ವಾಚಕರೇ ವಿಚಾರಿಸಿ ನೋಡಲಿ.

ಐದು ತಿಂಗಳ ನಿಯಮ

2023ರ ದಶಲಕ್ಷಣ ಪರ್ವದಲ್ಲಿ ಬಸದಿಯಲ್ಲಿ ಕುಳಿತಾಗ ಯಾತ್ರೆಯ ಸಂಕಲ್ಪವಾಯಿತು. ಅದೇ ಹೊತ್ತಿಗೆ ಪ್ರತಿಯೊಬ್ಬರೂ ಒಂದು ನಿಯಮ ತೆಗೆದುಕೊಳ್ಳಬೇಕೆಂದು ಹಿರಿಯರೊಬ್ಬರು ಸೂಚಿಸಿದರು. ನಮ್ಮ ಶಾಸ್ತ್ರದಲ್ಲಿ ತ್ಯಾಗ ಎರಡು ಬಗೆ. ಜೀವನಪರ್ಯಂತ ಮಾಡುವುದು ಯಮ, ಕಾಲದ ಮಿತಿ ಇಟ್ಟುಕೊಂಡು ಮಾಡುವುದು ನಿಯಮ. ಯಮಕ್ಕೆ ಕೈಹಾಕದೆ ಐದು ತಿಂಗಳ ನಿಯಮ ಸಾಕೆಂದು ತೀರ್ಮಾನವಾಯಿತು. ನಿಯಮ ಮೂರೇ: ಒಂದು, ದಿನವೂ ಮುಂಜಾನೆ ನಡೆಯುವುದು. ಎರಡು, ಸೂರ್ಯಾಸ್ತದ ಮೊದಲು ಊಟ ಮುಗಿಸುವುದು. ಮೂರು, ನಡೆದದ್ದನ್ನು ವಹಿಯಲ್ಲಿ ಬರೆಯುವುದು.

ನಡೆಯುವುದಕ್ಕೆ ಮೊದಲು ಪರಿಚಯದ ವೈದ್ಯರಲ್ಲಿ ಎಲ್ಲರೂ ಹೃದಯ, ರಕ್ತದೊತ್ತಡ, ಸಕ್ಕರೆಯ ತಪಾಸಣೆ ಮಾಡಿಸಿಕೊಂಡೆವು. ನಮ್ಮಲ್ಲಿ ನಾಲ್ವರಿಗೆ ಸಕ್ಕರೆ ರೋಗ. ಅವರಲ್ಲಿ ಅಕ್ಕಲಕೋಟೆಯ ನಮ್ಮ ಬೀಗರು ಇನ್ಸುಲಿನ್ ತೆಗೆದುಕೊಳ್ಳುವವರು. ಎಂಟು ವರ್ಷಗಳಿಂದ ವೈದ್ಯರು ‘ನಡೆಯಿರಿ’ ಎನ್ನುತ್ತಲೇ ಇದ್ದರು, ಬೀಗರು ‘ಹೂಂ’ ಎನ್ನುತ್ತಲೇ ಇದ್ದರು. ನಡೆದದ್ದು ಇಲ್ಲ. ಈ ಸಲ ವೈದ್ಯರು ಒಂದು ಸಣ್ಣ ನೈಲಾನ್ ದಾರದ ತುದಿಯನ್ನು ಅವರ ಅಂಗಾಲಿಗೆ ಅಲ್ಲಲ್ಲಿ ಮುಟ್ಟಿಸಿ, ಕಣ್ಣು ಮುಚ್ಚಿಕೊಂಡು ಎಲ್ಲಿ ತಾಗಿತು ಹೇಳಿರಿ ಎಂದರು. ಎಡಗಾಲಿನ ಎರಡು ಜಾಗದಲ್ಲಿ ಅವರಿಗೆ ಏನೂ ತಿಳಿಯಲಿಲ್ಲ. ಸಕ್ಕರೆ ರೋಗದಿಂದ ನರಗಳ ಸ್ಪರ್ಶ ಕುಂದಿದೆ, ಕಲ್ಲು ಚುಚ್ಚಿದರೂ ತಿಳಿಯದೆ ಗಾಯವಾಗಿ ಕಾಲಿಗೇ ಅಪಾಯ ಬರಬಹುದು, ಬರಿಗಾಲಲ್ಲಿ ಬೆಟ್ಟ ಹತ್ತಕೂಡದು ಎಂದು ವೈದ್ಯರು ಕಟ್ಟುನಿಟ್ಟಾಗಿ ಹೇಳಿದರು. ಬೀಗರಿಗೆ ಬಹಳ ನೋವಾಯಿತು. ಬರಿಗಾಲಲ್ಲಿ ಹತ್ತದಿದ್ದರೆ ಅದೆಂಥ ವಂದನೆ ಎಂದು ಅವರು ಯಾತ್ರೆಯನ್ನೇ ಬಿಡಲು ಹೊರಟರು. ಆಗ ಹಿರಿಯರು ಷೋಡಶಕಾರಣ ಭಾವನೆಗಳನ್ನು ನೆನಪಿಸಿದರು. ಅಲ್ಲಿ ತ್ಯಾಗಕ್ಕೂ ತಪಸ್ಸಿಗೂ ‘ಶಕ್ತಿತಃ’ ಎಂಬ ಮಾತು ಸೇರಿದೆ. ಶಕ್ತಿಯನ್ನು ಮುಚ್ಚಿಡಬಾರದು, ಮೀರಲೂಬಾರದು. ಚರ್ಮವಿಲ್ಲದ ಬಟ್ಟೆಯ ಬೂಟು ಹಾಕಿಕೊಂಡು ನಡೆಯುವುದು, ಟೋಂಕಿನ ಹತ್ತಿರ ಬಿಚ್ಚುವುದು ಎಂದು ತೀರ್ಮಾನವಾಯಿತು.

ಮೊದಲ ವಾರ ದಿನಕ್ಕೆ ಇಪ್ಪತ್ತು ನಿಮಿಷ ಮಾತ್ರ. ಸೊಲ್ಲಾಪುರದವರು ಮುಂಜಾನೆ ಐದೂವರೆಗೆ ಸಿದ್ಧೇಶ್ವರ ಕೆರೆಯ ಕಡೆ ಸೇರುತ್ತಿದ್ದೆವು. ಒಂದು ಕಡೆ ಹಳೆಯ ಭುಯಿಕೋಟೆಯ ಗೋಡೆ, ಇನ್ನೊಂದು ಕಡೆ ನೀರು, ನಡುವೆ ಸಿದ್ಧರಾಮೇಶ್ವರರ ಗುಡಿ. ಐವತ್ತು ವರ್ಷ ಇದೇ ಊರಲ್ಲಿದ್ದು ನವಿ ಪೇಠ, ಚಾಟಿ ಗಲ್ಲಿ ಬಿಟ್ಟು ಬೇರೆ ಕಡೆ ಕಾಲಿಡದವರಿಗೆ, ಸೂರ್ಯೋದಯದ ಹೊತ್ತಿಗೆ ಈ ಕೆರೆ ಇಷ್ಟು ಚಂದ ಕಾಣುತ್ತದೆಂಬುದೇ ಹೊಸ ಸುದ್ದಿ. ವಾರಕ್ಕೆ ಐದೈದು ನಿಮಿಷ ಹೆಚ್ಚಿಸುತ್ತ ಹೋಗಿ ದೀಪಾವಳಿಯ ಹೊತ್ತಿಗೆ ಮುಕ್ಕಾಲು ತಾಸಿನ ಮೇಲೆ ತಲುಪಿದೆವು. ವಾರಕ್ಕೆ 150ರಿಂದ 300 ನಿಮಿಷ ಚುರುಕಾದ ನಡಿಗೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅಂದರೆ ದಿನಕ್ಕೆ ಇಪ್ಪತ್ತರಿಂದ ನಲವತ್ತು ನಿಮಿಷದ ಹೊತ್ತು.

ಅಕ್ಕಲಕೋಟೆಯಲ್ಲಿ ಬೀಗರಿಗೆ ಜೊತೆ ಇರಲಿಲ್ಲ. ಅದಕ್ಕೆ ದಿನವೂ ಐದೂವರೆಗೆ ನಾವು ಫೋನು ಮಾಡುವುದು, “ಬೀಗರ, ಬೂಟು ಹಾಕ್ಕೊಂಡ್ರೇನು?” ಎಂದು ಕೇಳುವುದು. ತಿರುಗಿ ಬಂದು ಅವರು ಫೋನು ಮಾಡುವುದು. ಇದು ಸಣ್ಣ ಉಪಾಯ, ಆದರೆ ಬಹಳ ಕೆಲಸ ಮಾಡಿತು. 2013ರಲ್ಲಿ ಪ್ರಕಟವಾದ ಚೆನ್ನೈ ವೈದ್ಯರ ಒಂದು ಅಧ್ಯಯನವೂ ಇದನ್ನೇ ಹೇಳುತ್ತದೆ. ಸಕ್ಕರೆ ರೋಗದ ಹೊಸ್ತಿಲಲ್ಲಿದ್ದ 537 ಜನ ದುಡಿಯುವ ಗಂಡಸರಲ್ಲಿ ಅರ್ಧ ಜನರಿಗೆ ನಡಿಗೆ, ಆಹಾರದ ಬಗ್ಗೆ ಮೊಬೈಲಿನಲ್ಲಿ ಆಗಾಗ ಸಂದೇಶ ಕಳಿಸುತ್ತ ಬಂದರು. ಉಳಿದವರಿಗೆ ಆರಂಭದ ಸಲಹೆ ಮಾತ್ರ. ಎರಡು ವರ್ಷಗಳಲ್ಲಿ ಸಲಹೆಯವರಲ್ಲಿ ನೂರಕ್ಕೆ 27 ಜನರಿಗೆ ರೋಗ ಬಂದರೆ, ಸಂದೇಶ ಪಡೆದವರಲ್ಲಿ ನೂರಕ್ಕೆ 18 ಜನರಿಗೆ ಬಂದಿತು. ವರ್ಷಕ್ಕೊಮ್ಮೆ ಕೊಡುವ ಉಪದೇಶಕ್ಕಿಂತ ಮತ್ತೆ ಮತ್ತೆ ನೆನಪಿಸುವ ಸಣ್ಣ ಮಾತಿಗೆ ಬೆಲೆ ಹೆಚ್ಚು.

ವಹಿಯ ಮಾತು ಹೇಳಲೇಬೇಕು. ರೋಕಡ ವಹಿ ಬರೆಯದೆ ಅಂಗಡಿ ಮುಚ್ಚದ ಜನ ನಾವು. ದೇಹಕ್ಕೆ ಮಾತ್ರ ಜಮಾ-ಖರ್ಚು ಇಟ್ಟವರಲ್ಲ. ಈಗ ಒಂದು ಪುಟದಲ್ಲಿ ನಡೆದ ನಿಮಿಷ, ಹತ್ತಿದ ಅಂತಸ್ತು, ಊಟದ ವೇಳೆ ಬರೆಯತೊಡಗಿದೆವು. ಶನಿವಾರ ಎಲ್ಲರ ವಹಿ ಎಲ್ಲರೂ ನೋಡುವುದು. ಬಾಕಿ ಕಂಡರೆ ನಾಚಿಕೆಯಾಗುತ್ತಿತ್ತು. ಬೇರೆ ಯಾರೂ ಬೈಯಬೇಕಾಗಿರಲಿಲ್ಲ.

ಎಲ್ಲವೂ ಸರಳವಾಗಿ ನಡೆಯಿತೆಂದು ಯಾರೂ ತಿಳಿಯಬಾರದು. ದೀಪಾವಳಿಯ ವ್ಯಾಪಾರದ ಹದಿನೈದು ದಿನ ಅರ್ಧ ಜನ ತಪ್ಪಿಸಿದರು. ಆಮೇಲೆ ಲಗ್ನಸರಾಯಿ ಬಂತು. ನಿಯಮ ಮುರಿಯಿತು, ಇನ್ನೇನು ಎಂದು ಇಬ್ಬರು ಕೈಬಿಡುವುದರಲ್ಲಿದ್ದರು. ಲಂಡನ್ನಿನ ವಿಶ್ವವಿದ್ಯಾಲಯವೊಂದರಲ್ಲಿ 96 ಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಂಥವರಿಗೆ ಧೈರ್ಯ ಕೊಡುವಂಥದ್ದು. ಹೊಸ ಅಭ್ಯಾಸವೊಂದು ತಾನಾಗಿ ನಡೆಯುವಂತಾಗಲು ಕೆಲವರಿಗೆ 18 ದಿನ, ಕೆಲವರಿಗೆ 254 ದಿನ, ನಡುವಿನ ಲೆಕ್ಕ 66 ದಿನ ಎಂದು ಅವರು ಕಂಡರು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೆಡುವುದಿಲ್ಲವೆಂದೂ ಕಂಡರು. ಅಂಗಡಿಯಲ್ಲಿ ಒಂದು ದಿನ ಬೋಣಿ ಆಗದಿದ್ದರೆ ಮರುದಿನ ಬಾಗಿಲು ತೆರೆಯದೆ ಇರುತ್ತೇವೆಯೇ? ಇಬ್ಬರೂ ಮತ್ತೆ ಬಂದರು.

ರಾತ್ರಿಯೂಟ ಬಿಡುವುದು ನಡೆಯುವುದಕ್ಕಿಂತ ಕಠಿಣವಾಯಿತು. ಹೇಳುವುದಕ್ಕೆ ನಾವೆಲ್ಲ ಅನಸ್ತಮಿತದವರು, ಆದರೆ ಪೇಟೆಯ ವೇಳೆ ಅದನ್ನು ಯಾವಾಗಲೋ ನುಂಗಿಹಾಕಿತ್ತು. ಕೊನೆಗೆ ಹೆಣ್ಣುಮಕ್ಕಳೇ ದಾರಿ ತೋರಿಸಿದರು. ಐದೂವರೆಗೆ ಮನೆಯಿಂದ ಡಬ್ಬಿ ಅಂಗಡಿಗೆ ಬರತೊಡಗಿತು: ಎರಡು ಜೋಳದ ರೊಟ್ಟಿ, ಕಾಳಿನ ಪಲ್ಯ, ಸ್ವಲ್ಪ ಶೇಂಗಾ ಚಟ್ನಿ. ಹೊಟ್ಟೆ ಅಲ್ಲೇ ತುಂಬಿದ್ದರಿಂದ ಸೇವು-ಚಿವಡಾ ತಾನಾಗಿ ನಿಂತಿತು. ಉಂಡ ಮೇಲೆ ಪೇಟೆಯಲ್ಲಿ ಹದಿನೈದು ನಿಮಿಷ ನಡೆದು ಬರುತ್ತಿದ್ದೆವು. ಕಾಲಿನ ಸ್ನಾಯುಗಳು ಕೆಲಸ ಮಾಡುವಾಗ ರಕ್ತದಲ್ಲಿಯ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ, ಇನ್ಸುಲಿನ್ ಕಡಿಮೆ ಇದ್ದರೂ ಎಳೆದುಕೊಳ್ಳುತ್ತವೆ, ಆದ್ದರಿಂದ ಉಂಡ ನಂತರದ ನಡಿಗೆಗೆ ವಿಶೇಷ ಗುಣವಿದೆ ಎಂದು ವೈದ್ಯರು ವಿವರಿಸಿದರು.

ಸಣ್ಣ ಬೆಟ್ಟಗಳು

ಸಮತಟ್ಟಿನಲ್ಲಿ ನಡೆದವನಿಗೆ ಬೆಟ್ಟ ಬರುವುದಿಲ್ಲ. ಶಿಖರಜಿಯ ಪರ್ವತ ಸಮುದ್ರಮಟ್ಟದಿಂದ 1,365 ಮೀಟರು. ಮಧುಬನದಿಂದ ಸುಮಾರು ಒಂದು ಸಾವಿರ ಮೀಟರು ಏರಬೇಕು. ಶ್ರವಣಬೆಳಗೊಳದ ವಿಂಧ್ಯಗಿರಿ ಕೆಳಗಿನ ನೆಲದಿಂದ 470 ಅಡಿ, ಅಂದರೆ 143 ಮೀಟರು. ವ್ಯಾಪಾರಿಯ ಲೆಕ್ಕದಲ್ಲಿ ಹೇಳುವುದಾದರೆ ಶಿಖರಜಿ ಹತ್ತುವುದೆಂದರೆ ಒಂದೇ ಬೆಳಗಿನಲ್ಲಿ ಏಳು ವಿಂಧ್ಯಗಿರಿ ಹತ್ತಿದಂತೆ.

ಹೀಗಾಗಿ ನವೆಂಬರಿನಿಂದ ಮನೆಯ ಮೆಟ್ಟಿಲುಗಳನ್ನೇ ಬೆಟ್ಟ ಮಾಡಿಕೊಂಡೆವು. ಮೂರು ಅಂತಸ್ತು ಹತ್ತಿ ಇಳಿಯುವುದು, ಮೊದಲು ಮೂರು ಸಲ, ಆಮೇಲೆ ಹತ್ತು ಸಲ. ಅಂಗಡಿಯ ಮಾಳಿಗೆಯ ಥಾನನ್ನು ಹುಡುಗನ ಕೈಯಿಂದ ತರಿಸದೆ ನಾವೇ ತರತೊಡಗಿದೆವು. ಮೊದಮೊದಲು ಹುಡುಗರು ತಮ್ಮ ನೌಕರಿಗೆ ಸಂಚಕಾರ ಬಂತೆಂದು ಗಾಬರಿಯಾದರು! ಹೆಂಗಸರಿಗೆ ಮೊಣಕಾಲಿನ ತೊಂದರೆ ಇತ್ತು. ಅವರಿಗೆ ವೈದ್ಯರು ಕೈ ಊರದೆ ಕುರ್ಚಿಯಿಂದ ಏಳುವುದು, ಕೂಡುವುದು ಹತ್ತು ಹತ್ತು ಸಲ ಮಾಡಲು ಹೇಳಿದರು. ತೊಡೆಯ ಸ್ನಾಯು ಗಟ್ಟಿಯಾದರೆ ಮೊಣಕಾಲಿನ ಭಾರವನ್ನು ಅದೇ ಹೊರುತ್ತದೆ. ತೂಕ ಒಂದು ಕಿಲೋ ಇಳಿದರೆ ಮೊಣಕಾಲಿನ ಮೇಲೆ ಪ್ರತಿ ಹೆಜ್ಜೆಗೆ ಸುಮಾರು ನಾಲ್ಕು ಕಿಲೋ ಭಾರ ಇಳಿಯುತ್ತದೆ ಎಂಬುದೂ ಅವರಿಂದಲೇ ತಿಳಿಯಿತು.

ಡಿಸೆಂಬರಿನಲ್ಲಿ ಕುಂಥಲಗಿರಿಗೆ ಹೋದೆವು. ಕುಲಭೂಷಣ-ದೇಶಭೂಷಣ ಮುನಿಗಳ ಈ ಸಿದ್ಧಕ್ಷೇತ್ರ ಧಾರಾಶಿವ ಜಿಲ್ಲೆಯಲ್ಲಿದೆ. ಆಚಾರ್ಯ ಶಾಂತಿಸಾಗರ ಮಹಾರಾಜರು 1955ರ ಸೆಪ್ಟೆಂಬರಿನಲ್ಲಿ ಸಲ್ಲೇಖನಪೂರ್ವಕ ಸಮಾಧಿ ಹೊಂದಿದ್ದು ಇಲ್ಲಿಯೇ. ಗುಡ್ಡ ಸಣ್ಣದು, ನಡೆಯುವ ಅಭ್ಯಾಸವಾದವರಿಗೆ ಏನೂ ಅನ್ನಿಸುವುದಿಲ್ಲ. ನಾವು ಎರಡು ಸಲ ಹತ್ತಿ ಇಳಿದೆವು. ಜನೇವರಿಯಲ್ಲಿ ಶ್ರವಣಬೆಳಗೊಳ. ಅಲ್ಲಿ ಬಂಡೆಯಲ್ಲೇ ಕಡೆದ ಮೆಟ್ಟಿಲುಗಳು ಆರುನೂರಕ್ಕೂ ಹೆಚ್ಚು, ಆ ಲಂಡನ್ ಕಂಡಕ್ಟರನ ಒಂದು ದಿನದ ದುಡಿಮೆಯಷ್ಟು. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಹತ್ತಿದೆವು. ಮೇಲೆ 58 ಅಡಿಯ ಬಾಹುಬಲಿ ಸ್ವಾಮಿಯ ಮುಂದೆ ನಿಂತಾಗ ಏದುಸಿರು ಇಲ್ಲದೆ ಸ್ತೋತ್ರ ಹೇಳಲು ಬಂದದ್ದು ನಮಗೆ ಮೊದಲ ಪಾಸು. ಮರುದಿನ ಮಾತ್ರ ತೊಡೆ ಹಿಡಿದುಕೊಂಡವು. ಹತ್ತುವುದು ಹೃದಯಕ್ಕೆ, ಶ್ವಾಸಕ್ಕೆ ಕೆಲಸ. ಇಳಿಯುವುದು ತೊಡೆಗೆ, ಮೊಣಕಾಲಿಗೆ ಕೆಲಸ. ಇಳಿಯುವುದಕ್ಕೂ ಅಭ್ಯಾಸ ಬೇಕೆಂಬುದನ್ನು ಬಹಳ ಜನ ಮರೆಯುತ್ತಾರೆ.

ಮಧುಬನಕ್ಕೆ

ಮುಂಬಯಿಯಿಂದ ಗಯಾ ಮಾರ್ಗದ ಗಾಡಿ ಹಿಡಿದು ಹೋದೆವು. ಗಯಾದ ಮುಂದೆ ಕೋಡರ್ಮಾ, ಹಜಾರಿಬಾಗ್ ರೋಡ್ ದಾಟಿದ ಮೇಲೆ ಪಾರಸನಾಥ ನಿಲ್ದಾಣ. ಊರಿನ ಹೆಸರು ಇಸರಿ. ಅಲ್ಲಿಂದ ಸುಮಾರು ಒಂದು ತಾಸಿನ ಮೋಟಾರು ದಾರಿ. ಝಾರಖಂಡ ರಾಜ್ಯದ ಗಿರಿಡೀಹ ಜಿಲ್ಲೆಯ ಈ ಪರ್ವತ ಆ ರಾಜ್ಯದಲ್ಲೇ ಎಲ್ಲಕ್ಕಿಂತ ಎತ್ತರ. ಆ ಭಾಗದ ಸಂತಾಲ ಜನರಿಗೂ ಇದು ಪೂಜ್ಯ, ಅವರು ಮಾರಂಗ ಬುರು ಎನ್ನುತ್ತಾರೆ. ರೈಲಿನಲ್ಲಿ ಒಂದೂವರೆ ದಿನ ಕುಳಿತ ಕಾಲುಗಳು ಬಾತಿದ್ದವು. ಪ್ರತಿ ಎರಡು ತಾಸಿಗೊಮ್ಮೆ ಎದ್ದು ಡಬ್ಬಿಯ ಈ ತುದಿಯಿಂದ ಆ ತುದಿಗೆ ನಡೆದವರಿಗೆ ಬಾವು ಕಡಿಮೆ. ಮಧುಬನದಲ್ಲಿ ಒಂದು ದಿನ ಪೂರ್ತಿ ವಿಶ್ರಾಂತಿ ತೆಗೆದುಕೊಂಡೆವು.

ಅಲ್ಲಿ ಡೋಲಿಯ ದರ ಯಾತ್ರಿಕರ ತೂಕದ ಮೇಲೆ. ಕಾಟಾದ ಮೇಲೆ ನಿಲ್ಲಿಸಿ ತೂಗುತ್ತಾರೆ. ಜೀವನವಿಡೀ ಬೇರೆಯವರ ಮಾಲು ತೂಗಿದ ಸೇಠರು ತಾವೇ ಕಾಟಾ ಹತ್ತಿ ನಿಂತು, ಎರಡು ಕಿಲೋ ಕಡಿಮೆ ಮಾಡಿರೆಂದು ಚೌಕಾಸಿ ಮಾಡುವುದನ್ನು ಕಂಡೆವು! ಹೊರುವವರು ಬಡಕಲು ದೇಹದವರು, ಆದರೆ ಅವರ ಕಾಲಿನ ಮೀನಖಂಡ ಕಲ್ಲಿನಂತೆ. ವೃದ್ಧರು, ಹೃದಯರೋಗಿಗಳು ಡೋಲಿ ಮಾಡಲೇಬೇಕು, ಅದರಿಂದ ಆ ಜನರ ಹೊಟ್ಟೆಯೂ ನಡೆಯುತ್ತದೆ. ಕಾಲು ಗಟ್ಟಿ ಇದ್ದವರು ವಿಚಾರ ಮಾಡಲಿ ಎಂದಷ್ಟೇ ನಮ್ಮ ಮಾತು.

ಬೆಟ್ಟದ ಮೇಲೆ

ಹುಣ್ಣಿಮೆ ಮುಗಿದು ಎರಡು ದಿನವಾಗಿತ್ತು. ರಾತ್ರಿ ಎರಡೂವರೆಗೆ ಸ್ನಾನ ಮಾಡಿ, ಮಡಿಬಟ್ಟೆ ಉಟ್ಟು, ಕೈಯಲ್ಲಿ ಬಿದಿರಿನ ಕೋಲು ಹಿಡಿದು ಹೊರಟೆವು. ಬ್ಯಾಟರಿ ಬೇಕಾಗದಷ್ಟು ಬೆಳದಿಂಗಳು. ಮರಗಳ ನಡುವೆ ದಾರಿ ಬೆಳ್ಳಗೆ ಕಾಣುತ್ತಿತ್ತು, ಮುಂದೆ ಹಿಂದೆ ಯಾತ್ರಿಕರ ಜಯಘೋಷ. ವೇಗದ ನಿಯಮ ಒಂದೇ: ನಡೆಯುತ್ತ ನಮೋಕಾರ ಮಂತ್ರವನ್ನು ಉಸಿರು ತುಂಡಾಗದೆ ಹೇಳಲು ಬರಬೇಕು. ಬಾರದಿದ್ದರೆ ವೇಗ ಹೆಚ್ಚಾಯಿತೆಂದು ಅರ್ಥ. ತರುಣರ ಒಂದು ಗುಂಪು ನಮ್ಮನ್ನು ಹಿಂದೆ ಹಾಕಿ ಓಡಿತು. ಗಂಧರ್ವ ನಾಲೆ ದಾಟಿದ ಮೇಲೆ ಅವರೇ ಕಟ್ಟೆಯ ಮೇಲೆ ಕುಳಿತು ಏದುಸಿರು ಬಿಡುತ್ತಿದ್ದರು. ಸೀತಾನಾಲೆಯಲ್ಲಿ ಪೂಜಾಸಾಮಗ್ರಿ ತೊಳೆದುಕೊಂಡು ಹತ್ತು ನಿಮಿಷ ನಿಂತೆವು. ಆಮೇಲಿನ ಏರು ಕಡಿದು. ಮಾತು ತಾನಾಗಿ ನಿಂತು ಕೋಲಿನ ಸಪ್ಪಳ ಮಾತ್ರ ಕೇಳತೊಡಗಿತು.

ಬೀಗರು ವೈದ್ಯರ ಮಾತಿನಂತೆ ಹಿಂದಿನ ಸಂಜೆಯ ಇನ್ಸುಲಿನ್ ಕಡಿಮೆ ಮಾಡಿದ್ದರು. ಹೊರಡುವ ಮುಂಚೆ ಬೆರಳಿನ ರಕ್ತ ಪರೀಕ್ಷಿಸಿಕೊಂಡಿದ್ದರು. ಜೇಬಿನಲ್ಲಿ ಬೆಲ್ಲ. ಉಳಿದವರು ನಿರಾಹಾರ, ಅವರಿಗೆ ಮಾತ್ರ ಅದರ ಬಂಧನವಿಲ್ಲವೆಂದು ಊರಲ್ಲೇ ನಿಶ್ಚಯವಾಗಿತ್ತು. ಆದರೂ ಮನಸ್ಸು ಎಲ್ಲಿ ಕೇಳುತ್ತದೆ? ಮೇಲೆ ತಲುಪುವ ಮುಂಚೆ ಒಂದು ತಿರುವಿನಲ್ಲಿ ಅವರ ಕೈ ನಡುಗುವುದನ್ನು, ಹಣೆ ಬೆವರುವುದನ್ನು ನೋಡಿದೆವು. ಚಳಿಯ ಹೊತ್ತಿನಲ್ಲಿ ತಣ್ಣನೆಯ ಬೆವರು ಸಕ್ಕರೆ ಇಳಿದದ್ದರ ಲಕ್ಷಣ. “ಬೀಗರ, ಬೆಲ್ಲ ತಿನ್ರಿ” ಎಂದೆವು. “ಇನ್ನೊಂದು ಸ್ವಲ್ಪ ತಡೀರಿ, ಮೊದಲ ಟೋಂಕು ಆಗ್ಲಿ” ಎಂದರು. ನಮ್ಮ ಮನೆಯವರು ಮುಂದೆ ಬಂದು, “ಅಣ್ಣಾ, ನೀವು ಇಲ್ಲೇ ಬಿದ್ರ ನಮ್ಮೆಲ್ಲರ ವಂದನೆ ಇಲ್ಲೇ ನಿಂತೀತು. ಶಕ್ತಿತಃ ಅಂತ ಅಂದವರು ಯಾರು?” ಎಂದು ಬೆಲ್ಲವನ್ನು ಕೈಗೆ ಕೊಟ್ಟರು. ಬೀಗರು ತಿಂದು ನೀರು ಕುಡಿದರು. ಹದಿನೈದು ನಿಮಿಷದಲ್ಲಿ ನಡುಕ ಹೋಯಿತು. ಮತ್ತೆ ರಕ್ತ ನೋಡಿಕೊಂಡು, ಎರಡು ಬಿಸ್ಕೀಟು ತಿಂದು ಎದ್ದರು.

ಮೇಲೆ ತಲುಪಿದಾಗ ಮೂಡಣ ಕೆಂಪೇರುತ್ತಿತ್ತು. ಗೌತಮ ಗಣಧರರ ಟೋಂಕಿನಿಂದ ಆರಂಭಿಸಿ ಒಂದೊಂದೇ ಕೂಟದ ದರ್ಶನ. ಚಂದ್ರಪ್ರಭ ಸ್ವಾಮಿಯ ಟೋಂಕು ಬೇರೆಲ್ಲಕ್ಕಿಂತ ದೂರ, ಒಂದು ಪಕ್ಕಕ್ಕೆ. ಬಹಳ ಜನ ಅಲ್ಲಿಯೇ ದಣಿಯುತ್ತಾರೆ. ಜಲಮಂದಿರ ದಾಟಿ ಕೊನೆಗೆ ಪಾರ್ಶ್ವನಾಥರ ಸುವರ್ಣಭದ್ರ ಕೂಟ ಮುಟ್ಟಿದಾಗ ಸುತ್ತಲಿನ ಕಾಡು, ಹಳ್ಳಿ, ಹೊಲ ಎಲ್ಲ ಕಾಲ ಕೆಳಗೆ. ಬೀಗರು ಬೂಟು ಬಿಚ್ಚಿ ಒಳಗೆ ಹೋಗಿ ಚರಣಗಳ ಮುಂದೆ ಬಹಳ ಹೊತ್ತು ಕುಳಿತರು. ಹೊರಗೆ ಬಂದಾಗ ಕಣ್ಣು ಒದ್ದೆಯಾಗಿತ್ತು. ಮಾತೇನೂ ಆಡಲಿಲ್ಲ. ಬೂಟು ಹಾಕುವ ಮೊದಲು ವೈದ್ಯರು ಹೇಳಿದಂತೆ ಎರಡೂ ಅಂಗಾಲು ತಿರುಗಿಸಿ ನೋಡಿಕೊಂಡರು. ಗಾಯವಿರಲಿಲ್ಲ.

ಇಳಿಯುವಾಗ ಆರು ಕಿಲೋಮೀಟರಿನ ಮೇಲೆ ನಮ್ಮ ಮನೆಯವರ ಬಲ ಮೊಣಕಾಲು ನೋಯತೊಡಗಿತು. ಖಾಲಿ ಬರುತ್ತಿದ್ದ ಡೋಲಿಯೊಂದನ್ನು ನಿಲ್ಲಿಸಿ ಕೂತರು. ಇದರಲ್ಲಿ ಸಂಕೋಚವೇನೂ ಇಲ್ಲ. ಹನ್ನೊಂದು ಜನರಲ್ಲಿ ಪೂರ್ತಿ ನಡೆದವರು ಒಂಬತ್ತು, ಸ್ವಲ್ಪ ದೂರ ಡೋಲಿ ಹಿಡಿದವರು ಇಬ್ಬರು. ಮಧ್ಯಾಹ್ನ ಎರಡಕ್ಕೆ ಎಲ್ಲರೂ ಕೆಳಗೆ ಸೇರಿ ಪಾರಣೆ ಮಾಡಿದೆವು.

ತಿರುಗಿ ಬಂದ ಮೇಲೆ

ಊರಿಗೆ ಬಂದ ಮೇಲೆ ಸತ್ಕಾರ, ಹಾರ, ಯಾತ್ರೆಯ ಊಟ ಎಲ್ಲ ಆಯಿತು. ನಿಯಮದ ಅವಧಿಯೂ ಮುಗಿಯಿತು. ನಿಜವಾದ ಪರೀಕ್ಷೆ ಆಗಲೇ ಶುರು. ಬೆಟ್ಟ ಒಂದು ದಿನದ್ದು. ಆ ಒಂದು ದಿನದ ನಡಿಗೆಯಿಂದ ಯಾರ ಸಕ್ಕರೆ ರೋಗವೂ ಹೋಗುವುದಿಲ್ಲ, ಯಾರ ಹೃದಯವೂ ಬಲವಾಗುವುದಿಲ್ಲ. ಗುಣವೇನಿದ್ದರೂ ಹಿಂದಿನ ಐದು ತಿಂಗಳಿನದು. ಅದನ್ನು ನಿಲ್ಲಿಸಿದರೆ ಆ ಜಮಾ ಬೇಗನೆ ಖರ್ಚಾಗಿಹೋಗುತ್ತದೆ.

ಚೆನ್ನೈಯ ವೈದ್ಯರು 531 ಜನರ ಮೇಲೆ ಮೂರು ವರ್ಷ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವೂ ನಮಗೆ ಇದನ್ನೇ ಕಲಿಸುತ್ತದೆ. ಎಲ್ಲರೂ ಸಕ್ಕರೆ ರೋಗದ ಹೊಸ್ತಿಲಲ್ಲಿದ್ದವರು. ಏನೂ ಬದಲಾಯಿಸದವರಲ್ಲಿ ನೂರಕ್ಕೆ 55 ಜನರಿಗೆ ರೋಗ ಬಂದರೆ, ದಿನವೂ ನಡೆದು ಆಹಾರ ತಿದ್ದಿಕೊಂಡವರಲ್ಲಿ ನೂರಕ್ಕೆ 39 ಜನರಿಗೆ ಮಾತ್ರ ಬಂದಿತು. ಮೆಟ್ಫಾರ್ಮಿನ್ ಮಾತ್ರೆ ನುಂಗಿದವರಿಗೂ ಸುಮಾರಾಗಿ ಇಷ್ಟೇ ಲಾಭ. ಮಾತ್ರೆಗೆ ದುಡ್ಡು ಬೇಕು, ನಡಿಗೆಗೆ ಬೇಡ. ವ್ಯಾಪಾರಿಗೆ ಇದಕ್ಕಿಂತ ಹೆಚ್ಚಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಹನ್ನೊಂದು ಜನರಲ್ಲಿ ಏಳು ಜನ ಇಂದಿಗೂ ನಡೆಯುತ್ತಿದ್ದಾರೆ, ನಾಲ್ವರು ಬಿಟ್ಟರು. ಬಿಟ್ಟವರು ಸೋಮಾರಿಗಳಲ್ಲ. ಒಬ್ಬರು ಮಗನ ಮನೆಗೆಂದು ಪುಣೆಗೆ ಹೋದರು, ಅಲ್ಲಿ ಜೊತೆ ಸಿಗಲಿಲ್ಲ. ಇಬ್ಬರು ‘ಸಮಯ ಸಿಕ್ಕಾಗ ನಡೆದರಾಯಿತು’ ಎಂದು ವೇಳೆ ಬದಲಿಸಿದರು, ಸಮಯ ಸಿಗಲೇ ಇಲ್ಲ. ಒಬ್ಬರು ವಹಿ ಬರೆಯುವುದನ್ನು ಬಿಟ್ಟರು, ಆಮೇಲೆ ನಡೆಯುವುದನ್ನೂ ಬಿಟ್ಟರು. ಉಳಿಸಿಕೊಂಡವರೆಲ್ಲರಲ್ಲಿ ಮೂರು ಮಾತು ಸಮಾನ: ಗೊತ್ತಾದ ವೇಳೆ, ಗೊತ್ತಾದ ಜಾಗ, ಕಾಯುವ ಒಬ್ಬ ಜೊತೆಗಾರ. ಬೀಗರು ಮರುವರ್ಷಕ್ಕೆ ನಿಯಮ ಮತ್ತೆ ತೆಗೆದುಕೊಂಡರು. ವೈದ್ಯರು ಅವರ ಇನ್ಸುಲಿನ್ ನಿಲ್ಲಿಸಿಲ್ಲ, ಆದರೆ ಕಡಿಮೆ ಮಾಡಿದ್ದಾರೆ. ಕಾಲಿನ ಸ್ಪರ್ಶ ಮರಳಿ ಬಂದಿಲ್ಲ, ಆದರೆ ಮುಂದಕ್ಕೆ ಹಬ್ಬಿಲ್ಲ. ದಿನವೂ ರಾತ್ರಿ ಅವರ ಮೊಮ್ಮಗಳು ಅಜ್ಜನ ಅಂಗಾಲು ನೋಡಿ ‘ಪಾಸು’ ಎನ್ನುತ್ತಾಳೆ.

ಹೋಗುವವರಿಗೆ ನಾಲ್ಕು ಮಾತು

ಶಿಖರಜಿಗೆ ಹೋಗುವವರು ಟಿಕೀಟಿನ ಜೊತೆಗೇ ನಡಿಗೆಯನ್ನೂ ಆರಂಭಿಸಬೇಕು. ಐವತ್ತು ದಾಟಿದವರು ಮೊದಲು ತಪಾಸಣೆ ಮಾಡಿಸಿಕೊಳ್ಳಬೇಕು. ಎದೆನೋವು, ಮಿತಿಮೀರಿದ ದಮ್ಮು ಕಂಡರೆ ಹಟ ಮಾಡಬಾರದು. ಸಕ್ಕರೆ ರೋಗದವರು ಉಪವಾಸ, ಔಷಧ, ಬರಿಗಾಲು ಈ ಮೂರನ್ನೂ ವೈದ್ಯರ ಜೊತೆ ಮಾತಾಡದೆ ನಿಶ್ಚಯಿಸಬಾರದು, ಬೆಲ್ಲವಿಲ್ಲದೆ ಹೊರಡಬಾರದು. ಇಳಿಯುವ ಅಭ್ಯಾಸ ಮಾಡಿಕೊಳ್ಳಬೇಕು, ಕೋಲು ಮರೆಯಬಾರದು.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗುವುದಿಲ್ಲವೆಂದು ಯಾರೂ ಕೈಚೆಲ್ಲಬೇಕಾಗಿಲ್ಲ. ಆ ಸಂಖ್ಯೆ 1965ರಲ್ಲಿ ಜಪಾನಿನ ಒಂದು ಕಂಪನಿ ತನ್ನ ಹೆಜ್ಜೆ ಎಣಿಸುವ ಯಂತ್ರಕ್ಕೆ ಇಟ್ಟ ಹೆಸರಿನಿಂದ ಬಂದದ್ದು. ಅಮೆರಿಕದಲ್ಲಿ ಸರಾಸರಿ 72 ವಯಸ್ಸಿನ ಹೆಂಗಸರ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2,700 ಹೆಜ್ಜೆಯವರಿಗಿಂತ 4,400 ಹೆಜ್ಜೆಯವರಲ್ಲೇ ಮರಣ ಸ್ಪಷ್ಟವಾಗಿ ಕಡಿಮೆ ಕಂಡಿತು. 7,500ರ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ.

ಶಿಖರಜಿಗೆ ಹೋಗಲು ಯೋಗ ಬೇಕು, ಎಲ್ಲರಿಗೂ ಅದು ಒದಗಲಿಕ್ಕಿಲ್ಲ. ಆದರೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಎಲ್ಲಿದ್ದರೂ ಮನೆಯಿಂದ ಬಸದಿಯವರೆಗಿನ ದಾರಿ ಎಲ್ಲರಿಗೂ ಇದೆ. ನಾಳೆ ಮುಂಜಾನೆ ಸ್ಕೂಟರಿನ ಕೀಲಿ ಗೂಟಕ್ಕೇ ಇರಲಿ. ದರ್ಶನಕ್ಕೆ ನಡೆದುಕೊಂಡು ಹೋಗಿ, ನಡೆದುಕೊಂಡು ಬನ್ನಿರಿ. ಬರುವಾಗ ಪಕ್ಕದ ಮನೆಯವರನ್ನೂ ಕೂಗಿ, ಮರುದಿನ ಎಷ್ಟು ಗಂಟೆಗೆ ಹೊರಡುವುದೆಂದು ಮಾತು ಮಾಡಿಕೊಳ್ಳಿರಿ.